ಹಿತ್ತಲಿಗೆ ಬಂದ ಸ್ಪೇನ್: ಓದುಗರ ಪ್ರಶ್ನೆ, ಹಳೇ ಕಂಟ್ರಾಕ್ಟರ್ ಉತ್ತರ

ಈ ಸಲ ಬಂದ ಪತ್ರಗಳ ಪೈಕಿ ಒಂದು ನನ್ನನ್ನು ಮೂರು ದಿನ ಬಿಡಲಿಲ್ಲ. ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಹೋಗಿದೆ. ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮದು ದಾವಣಗೆರೆಯ ಹಳೇ ಬಡಾವಣೆಯಲ್ಲಿ 60×90ರ ಸೈಟು. ಪೂರ್ವಕ್ಕೆ ಬಾಗಿಲು. ಮನೆಯ ಹಿಂದೆ 60 ಅಡಿ ಅಗಲ, 40 ಅಡಿ ಉದ್ದದ ಹಿತ್ತಲು ಇದೆ. ದಕ್ಷಿಣದ ಕಡೆ ಒಂದು ಬೇವಿನ ಮರ, ಒಂದು ಪಾರಿಜಾತ, ಬಟ್ಟೆ ಒಗೆಯೋ ಕಲ್ಲು. ಮಗ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿದ್ದಾನೆ. ವರ್ಷಕ್ಕೊಮ್ಮೆ ಸೊಸೆ, ಮಕ್ಕಳನ್ನು ಕರ್ಕೊಂಡು ಒಂದು ತಿಂಗಳು ಬರ್ತಾನೆ. ಹಿತ್ತಲಲ್ಲಿ ಅಲ್ಲಿನ ಥರ ಸ್ಪಾನಿಷ್ ಮಾದರಿಯ ಪುಟ್ಟ ಗೆಸ್ಟ್ ಹೌಸ್ ಕಟ್ಟಿಸಮ್ಮ ಅಂತ ನಲವತ್ತು ಫೋಟೋ ಕಳಿಸಿದ್ದಾನೆ. ಬಿಳಿ ಗೋಡೆ, ಕೆಂಪು ಹೆಂಚು, ಕಮಾನು, ನಡುವೆ ಕಾರಂಜಿ. ಮೇಸ್ತ್ರಿಗೆ ತೋರಿಸಿದರೆ "ಆಗುತ್ತೆ ಅಮ್ಮ, ಪಿಒಪಿಯಲ್ಲಿ ಕಮಾನು ಮಾಡಿ ಅಂಟಿಸಿಬಿಡೋಣ" ಅಂದ. ನನಗೆ ಯಾಕೋ ಧೈರ್ಯ ಬರ್ತಿಲ್ಲ. ಏನು ಮಾಡಲಿ?
— ದಾವಣಗೆರೆಯ ಒಬ್ಬ ತಾಯಿ, ಹೆಸರು ಬೇಡ ಎಂದಿದ್ದಾರೆ

ಉತ್ತರ: ಅಮ್ಮಾ, ನೀವು ಪತ್ರದ ಜೊತೆ ಇಟ್ಟಿದ್ದ ಆರು ಫೋಟೋಗಳನ್ನು ಟೇಬಲ್ ಮೇಲೆ ಹರಡಿಕೊಂಡು ನೋಡಿದೆ. ಗೋಡೆ ಇದೆ, ಹೆಂಚಿದೆ, ಕಮಾನಿದೆ. ಆ ಮನೆಗಳ ಜೀವ ಇರೋದು ಇವುಗಳ ನಡುವೆ ಖಾಲಿ ಬಿಟ್ಟ ಅಂಗಳದಲ್ಲಿ. ಖಾಲಿ ಜಾಗದ ಫೋಟೋ ಯಾರು ತೆಗೀತಾರೆ? ಅದಕ್ಕೇ ನಿಮ್ಮ ಮೇಸ್ತ್ರಿಗೂ ಅದು ಕಂಡಿಲ್ಲ.

ಈ ಮಾದರಿಯ ತವರು ಸ್ಪೇನಿನ ದಕ್ಷಿಣ ಭಾಗ, ಅಂಡಲೂಸಿಯಾ. ಅಲ್ಲಿನ ಕೊರ್ಡೊಬಾ ಊರಲ್ಲಿ ಬೇಸಿಗೆಗೆ 40 ಡಿಗ್ರಿ ದಾಟೋದು ಮಾಮೂಲು. ಅದಕ್ಕೆ ಅವರು ರಸ್ತೆ ಕಡೆಗೆ ದಪ್ಪ ಗೋಡೆ ಎಬ್ಬಿಸಿ ಸಣ್ಣ ಕಿಟಕಿ ಇಟ್ಟರು. ದೊಡ್ಡ ಬಾಗಿಲು, ಕಿಟಕಿ ಎಲ್ಲ ಒಳಗಿನ ಅಂಗಳಕ್ಕೆ. ಆ ಅಂಗಳಕ್ಕೆ ಪಾತಿಯೋ ಅಂತ ಹೆಸರು. ಅಲ್ಲಿ ಪ್ರತಿ ಮೇ ತಿಂಗಳು ಅಂಗಳಗಳಿಗೆ ಹೂಕುಂಡ ಜೋಡಿಸಿ, ಬಾಗಿಲು ತೆಗೆದು ಊರವರಿಗೆಲ್ಲ ತೋರಿಸುವ ಹಬ್ಬ ನಡೆಯುತ್ತದೆ. 2012ರಲ್ಲಿ ಯುನೆಸ್ಕೋ ಆ ಹಬ್ಬವನ್ನು ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಅಂದರೆ ಅಲ್ಲಿ ಹಬ್ಬ ಮಾಡೋದು ಅಂಗಳಕ್ಕೆ, ಕಮಾನಿಗೆ ಅಲ್ಲ.

ಇನ್ನು ನಿಮ್ಮ ಮಗನ ಊರಿಗೆ ಇದು ಹೇಗೆ ಬಂತು? ಸ್ಪೇನಿನವರು ಆ ನಾಡನ್ನು ಆಳಿದ್ದು ಹೌದು, ಆದರೆ ಈಗ ಕಾಣುವ ಬಿಳಿ ಗೋಡೆಯ ಬಂಗಲೆಗಳ ಕಥೆ ಅಷ್ಟು ಹಳೆಯದಲ್ಲ. 1915ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅದಕ್ಕೆ ಕಟ್ಟಿದ ಕಟ್ಟಡಗಳು ಸ್ಪಾನಿಷ್ ಮಾದರಿಯವು. ನೋಡಿದ ಜನಕ್ಕೆ ಹುಚ್ಚು ಹಿಡಿಯಿತು. 1925ರ ಭೂಕಂಪದಲ್ಲಿ ಸಾಂಟಾ ಬಾರ್ಬರಾ ಊರು ಬಿದ್ದಾಗ ಇಡೀ ಪೇಟೆಯನ್ನೇ ಈ ಮಾದರಿಯಲ್ಲಿ ಮತ್ತೆ ಕಟ್ಟಿದರು. ಮಗನಿಗೆ ಹೇಳಿ, ಒಂದು ಭಾನುವಾರ ಅಲ್ಲಿನ ಬಾಲ್ಬೋವಾ ಪಾರ್ಕಿಗೆ ಹೋಗಿ ಬರಲಿ. 1915ರ ಪ್ರದರ್ಶನ ನಡೆದಿದ್ದು ಅಲ್ಲೇ. ಈ ಸಲ ಗೋಡೆಯ ಫೋಟೋ ಬೇಡ. ಮಧ್ಯಾಹ್ನ ಮೂರು ಗಂಟೆಗೆ ನೆರಳು ಎಲ್ಲಿ ಬೀಳುತ್ತೆ, ಅದರ ಫೋಟೋ ಕಳಿಸಲಿ.

ಈಗ ನಿಮ್ಮ ಹಿತ್ತಲಿಗೆ ಬರೋಣ. ಸಾಮಾನ್ಯವಾಗಿ ಏನು ಮಾಡ್ತಾರೆ ಅಂದ್ರೆ, ಹಿತ್ತಲ ನಡುವೆ ಒಂದು ಡಬ್ಬಿ ಥರ ರೂಮು ಕಟ್ಟಿ ಸುತ್ತ ನಾಲ್ಕು ಕಡೆ ಸಂದಿ ಬಿಡ್ತಾರೆ. ಆ ಸಂದಿಗಳಲ್ಲಿ ಹಳೇ ಪೈಪು, ಒಡೆದ ಬಕೆಟ್ಟು ಸೇರುತ್ತವೆ ಅಷ್ಟೇ. ನೀವು ಹಾಗೆ ಮಾಡಬೇಡಿ. ಕಟ್ಟಡವನ್ನು ಪಶ್ಚಿಮದ ಕಡೆ ಸರಿಸಿ. ಕಾಂಪೌಂಡಿನಿಂದ ನಿಯಮದ ಪ್ರಕಾರ ಬಿಡಬೇಕಾದಷ್ಟು ಬಿಡಿ, 5 ಅಡಿ ಅಂತಿಟ್ಟುಕೊಳ್ಳೋಣ. ಅಲ್ಲಿಂದ 12×16ರ ರೂಮು, ಅದರ ಮುಂದೆ ಪೂರ್ವಕ್ಕೆ ಮುಖ ಮಾಡಿ 6 ಅಡಿ ಅಗಲದ ಪಡಸಾಲೆ. ರೂಮಿನ ಉತ್ತರದ ತುದಿಯಿಂದ ಮನೆಯ ಕಡೆಗೆ ಒಂದು ಚಿಕ್ಕ ತೋಳು: ಅದರಲ್ಲಿ 5×8ರ ಬಚ್ಚಲು, 6×8ರಲ್ಲಿ ಕಾಫಿ ಕಾಸಿಕೊಳ್ಳುವಷ್ಟು ಅಡುಗೆ ಕಟ್ಟೆ. ಗೋಡೆಯೂ ಸೇರಿ ನಾಲ್ಕೂವರೆ ಚದರ ಆಗಬಹುದು. ಪಶ್ಚಿಮಕ್ಕೆ ಹೊಸ ಕಟ್ಟಡ, ಉತ್ತರಕ್ಕೆ ಬಚ್ಚಲಿನ ತೋಳು, ಪೂರ್ವಕ್ಕೆ ನಿಮ್ಮ ಹಳೇ ಮನೆಯ ಬೆನ್ನು, ದಕ್ಷಿಣಕ್ಕೆ ಬೇವಿನ ಮರ. ನಡುವೆ ಹದಿನೈದು ಅಡಿಯ ಅಂಗಳ ತಾನಾಗಿ ಹುಟ್ಟುತ್ತೆ. ಅದೇ ನಿಮ್ಮ ಪಾತಿಯೋ. ಅದಕ್ಕೆ ಒಂದು ರೂಪಾಯಿ ಸಿಮೆಂಟ್ ಬೇಡ.

ಪಶ್ಚಿಮಕ್ಕೇ ಯಾಕೆ ಅಂದ್ರೆ, ದಾವಣಗೆರೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ಲ. ಮಧ್ಯಾಹ್ನದ ಮೇಲೆ ಇಳಿಬಿಸಿಲು ನೇರ ಗೋಡೆಗೆ ಹೊಡೆಯುತ್ತೆ. ಹೊಸ ಕಟ್ಟಡದ ಬೆನ್ನು ಅದನ್ನು ತಡೆದರೆ ನಾಲ್ಕು ಗಂಟೆ ಹೊತ್ತಿಗೆ ಅಂಗಳದ ಬಹುಭಾಗ ನೆರಳಾಗುತ್ತೆ. ಮಕ್ಕಳು ಆಡಿಕೊಂಡಿರಲಿ, ನೀವು ಅವರೆಕಾಯಿ ಬಿಡಿಸುತ್ತಾ ಕೂತಿರಿ. ಆ ಪಶ್ಚಿಮದ ಗೋಡೆಯನ್ನು ಮಾತ್ರ ಒಂದೂವರೆ ಇಟ್ಟಿಗೆ ದಪ್ಪ ಕಟ್ಟಿಸಿ. ಉಳಿದವು ಒಂಬತ್ತು ಇಂಚು ಸಾಕು. ಆರು ಇಂಚಿನ ಸಿಮೆಂಟ್ ಬ್ಲಾಕ್ ಹಾಕೋಣ, ಬೇಗ ಮುಗಿಯುತ್ತೆ ಅಂತ ಮೇಸ್ತ್ರಿ ಹೇಳ್ತಾನೆ. ಬೇಗ ಮುಗಿಯುತ್ತೆ, ನಿಜ. ಆಮೇಲೆ ಏಸಿಗೆ ಕರೆಂಟ್ ಬಿಲ್ ನೀವು ಕಟ್ತೀರಿ. ಆ ಗೋಡೆಯಲ್ಲಿ ದೊಡ್ಡ ಕಿಟಕಿ ಬೇಡ. ಮೇಲೆ ಸೂರಿನ ಕೆಳಗೆ ಎರಡು ಸಣ್ಣ ಗವಾಕ್ಷಿ ಇಡಿ. ಮಳೆಗಾಲದ ಗಾಳಿ ಪಶ್ಚಿಮದಿಂದಲೇ ಬರೋದು, ಅಲ್ಲಿ ಹೊಕ್ಕು ಪಡಸಾಲೆ ಕಡೆ ಹೊರಗೆ ಹೋಗುತ್ತೆ.

ಮಳೆ ವಿಷಯಕ್ಕೆ ಬಂದರೆ ಫೋಟೋವನ್ನು ನಂಬಬೇಡಿ. ಸ್ಯಾನ್ ಡಿಯಾಗೋದಲ್ಲಿ ವರ್ಷಕ್ಕೆ ಬೀಳೋದು ಸುಮಾರು 250 ಮಿಲಿಮೀಟರ್. ಅದೂ ಚಳಿಗಾಲದಲ್ಲಿ. ಕೊರ್ಡೊಬಾದಲ್ಲಿ ಸುಮಾರು 600, ಹೆಚ್ಚು ಕಡಿಮೆ ನಮ್ಮ ದಾವಣಗೆರೆಯಷ್ಟೇ. ಆದರೆ ನಮ್ಮ ಮಳೆಯ ಬುದ್ಧಿ ಬೇರೆ. ಸೆಪ್ಟೆಂಬರ್, ಅಕ್ಟೋಬರ್ ಸಂಜೆ ಗುಡುಗು ಸಿಡಿಲು ಸಮೇತ ಒಂದೇ ಗಂಟೆಯಲ್ಲಿ ಸುರಿದು, ಗಾಳಿಗೆ ಓರೆಯಾಗಿ ಗೋಡೆಗೇ ಬಡಿಯುತ್ತೆ. ಫೋಟೋದ ಮನೆಗಳಿಗೆ ಸೂರೇ ಇಲ್ಲ ನೋಡಿ, ಹೆಂಚು ಗೋಡೆಯ ಅಂಚಿಗೆ ನಿಂತುಬಿಟ್ಟಿದೆ. ಇಲ್ಲಿ ಹಾಗೆ ಮಾಡಿದರೆ ಎರಡೇ ಮಳೆಗಾಲಕ್ಕೆ ಬಿಳಿ ಗೋಡೆಯ ಮೇಲೆ ಹಸಿರು ಪಾಚಿ. ಎರಡು ಅಡಿ ಸೂರು ಮುಂದೆ ಬಿಡಿ. ಮಗ ಇದು ಸ್ಪಾನಿಷ್ ಅಲ್ಲ ಅಂದ್ರೆ, ಅಕ್ಟೋಬರಿನಲ್ಲಿ ಬಂದು ನೋಡಪ್ಪ ಅನ್ನಿ.

ಹೆಂಚಿನ ಇಳಿಜಾರೂ ಹಾಗೇ. ಅಲ್ಲಿ ಮೂರು ನಾಲ್ಕು ಅಡಿಗೆ ಒಂದಡಿ ಏರು ಇಡ್ತಾರೆ, ಚಪ್ಪಟೆಯಾಗಿ ಕಾಣುತ್ತೆ. ನಮ್ಮ ಮಂಗಳೂರು ಹೆಂಚಿಗೆ ಎರಡು ಅಡಿಗೆ ಒಂದಡಿ ಆದರೂ ಬೇಕು. ಇಲ್ಲದಿದ್ದರೆ ಗಾಳಿ ನೀರನ್ನು ಹೆಂಚಿನ ಕೆಳಗೆ ನೂಕುತ್ತೆ. ಚದರಕ್ಕೆ ಸುಮಾರು 150 ಹೆಂಚು ಹಿಡಿಯುತ್ತೆ, ಒಡೆಯೋದಕ್ಕೆ ಅಂತ ಒಂದಿಷ್ಟು ಜಾಸ್ತಿ ತರಿಸಿ.

ಫೋಟೋದಲ್ಲಿ ಕಾಣೋ ಅರ್ಧ ಗೋಲದ ಹೆಂಚು ನೋಡಿ ನನಗೆ ನಗು ಬಂತು. ಅದು ನಮ್ಮ ನಾಡಹೆಂಚೇ! ಒಂದು ಸಾಲು ಅಂಗಾತ, ಅದರ ಮೇಲೆ ಒಂದು ಸಾಲು ಬೋರಲು. ಸ್ಪೇನಿನಲ್ಲಿ ಹಿಂದೆ ಆ ಹೆಂಚನ್ನು ಕೆಲಸಗಾರರು ತೊಡೆಯ ಮೇಲೆ ಬಾಗಿಸಿ ಮಾಡ್ತಿದ್ದರು ಅನ್ನೋ ಕಥೆ ಇದೆ. ಸುಮ್ನೆ ಕಥೆ ಅಷ್ಟೇ, ಮರದ ಅಚ್ಚಿನ ಮೇಲೆ ಮಾಡ್ತಿದ್ದರು. ಅಂಥ ತೊಡೆ ಯಾರಿಗಿರುತ್ತೆ? ನಾಡಹೆಂಚು ಬೇಕೇ ಬೇಕು ಅಂದ್ರೆ ಹಳೇ ಮನೆ ಕೆಡವುವ ಕಡೆ ವಿಚಾರಿಸಿ. ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅಂದರೆ ಇಟ್ಟುಕೊಳ್ಳಿ. ಬೊದ್ ಅಂದರೆ ಒಳಗೆ ಬಿರುಕಿದೆ, ಬಿಡಿ. ನನ್ನನ್ನು ಕೇಳಿದರೆ ರೂಮಿಗೆ ಮಂಗಳೂರು ಹೆಂಚು ಹಾಕಿ, ಕಾಂಪೌಂಡ್ ಗೋಡೆಯ ತಲೆಗೆ ಮತ್ತು ಪಡಸಾಲೆಯ ಮುಂದಿನ ಅಂಚಿಗೆ ನಾಡಹೆಂಚು ಹಾಕಿಸಿ. ಕಣ್ಣಿಗೆ ಕಾಣೋದು ಅದೇ.

ಈಗ ಕಮಾನು. ಪಿಒಪಿ ಕಮಾನು ಬೇಡವೇ ಬೇಡ. ಪಡಸಾಲೆ ಅಂದ್ರೆ ಹೊರಗಿನ ಜಾಗ, ಎರಚಲು ಬಡಿಯುತ್ತೆ, ಪಿಒಪಿ ನೆನೆದು ಉದುರುತ್ತೆ. ಇಟ್ಟಿಗೆಯಲ್ಲೇ ಕಟ್ಟಿಸಿ. ಆದರೆ ಇಟ್ಟಿಗೆ ಕಮಾನಿಗೆ ಒಂದು ಕೆಟ್ಟ ಗುಣ ಇದೆ, ಅದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತೆ. ಕಂಟ್ರಾಕ್ಟ್ ಶುರು ಮಾಡಿದ ಹೊಸತರಲ್ಲಿ ಇದೇ ದಾವಣಗೆರೆಯಲ್ಲಿ ಒಂದು ಮನೆಗೆ ಮೂರು ಕಮಾನಿನ ಪಡಸಾಲೆ ಕಟ್ಟಿದೆ. ನಾಲ್ಕು ಕಂಬ, ಎಲ್ಲವೂ ಒಂಬತ್ತು ಇಂಚು. ಸೆಂಟ್ರಿಂಗ್ ಬಿಚ್ಚಿದ ದಿನ ಮನೆಯವರು ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿ ಕೊಟ್ಟರು. ನಾನೂ ಎದೆ ಉಬ್ಬಿಸಿಕೊಂಡು ತಿಂದೆ. ಹದಿನೈದು ದಿನಕ್ಕೆ ತುದಿಯ ಕಮಾನಿನ ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು. ಮಳೆಗಾಲ ಮುಗಿಯೋ ಹೊತ್ತಿಗೆ ಅದರೊಳಗೆ ಹತ್ತು ಪೈಸೆ ನಾಣ್ಯ ತೂರುತ್ತಿತ್ತು. ಕಮಾನು ತನ್ನ ಭಾರವನ್ನು ಬರೀ ಕೆಳಗೆ ಬಿಡೋದಿಲ್ಲ, ಎರಡೂ ಪಕ್ಕಕ್ಕೆ ನೂಕುತ್ತೆ. ನಡುವಿನ ಕಂಬಗಳಿಗೆ ಎರಡು ಕಡೆಯಿಂದಲೂ ನೂಕು ಬಿದ್ದು ಸರಿಸಮ ಆಗುತ್ತೆ. ತುದಿಯ ಕಂಬಕ್ಕೆ ಆ ಕಡೆಯಿಂದ ತಡೆಯೋರು ಯಾರೂ ಇಲ್ಲ. ಕೊನೆಗೆ ಆ ತುದಿಗೆ ಓರೆಯಾಗಿ ಒಂದು ಆನಿಕೆ ಗೋಡೆ ಕಟ್ಟಿಕೊಟ್ಟೆ. ದುಡ್ಡು ಕೇಳೋಕೆ ಬಾಯಿ ಬರಲಿಲ್ಲ.

ಹಾಗಾಗಿ ನಿಮ್ಮ ಪಡಸಾಲೆಗೆ ಎರಡೇ ತುದಿ, ಎರಡೂ ಕಡೆ ಕಂಬ ಒಂದೂವರೆ ಅಡಿ ದಪ್ಪ ಇರಲಿ. ಉತ್ತರದ ತುದಿಗೆ ಬಚ್ಚಲಿನ ಗೋಡೆಯೇ ಆನಿಕೆ ಆಗುತ್ತೆ, ದಕ್ಷಿಣದ್ದನ್ನು ಮರೆಯಬೇಡಿ. ಇನ್ನೂ ಭಯ ಅನ್ನಿಸಿದರೆ ಕಮಾನಿನ ಮೇಲೆ ಉದ್ದಕ್ಕೂ ಕಾಂಕ್ರೀಟ್ ಬೀಮ್ ಹಾಕಿಸಿ, ಭಾರ ಅದು ಹೊರುತ್ತೆ. ಅಳತೆಯನ್ನೂ ಮೊದಲೇ ಲೆಕ್ಕ ಹಾಕಿ. ಅರ್ಧ ಗೋಲದ ಕಮಾನು ನಾಲ್ಕು ಅಡಿ ಅಗಲ ಇದ್ದರೆ ಎರಡು ಅಡಿ ಎತ್ತರ ತಿನ್ನುತ್ತೆ. ನೆತ್ತಿ ಏಳೂವರೆ ಅಡಿಗೆ ಬರಬೇಕಂದ್ರೆ ಕಮಾನು ಐದೂವರೆ ಅಡಿಯಿಂದಲೇ ಬಾಗೋಕೆ ಶುರು. ಸೊಸೆಗೂ ಮಗನಿಗೂ ತಲೆ ತಾಗಬಾರದಲ್ವಾ.

ಮೇಸ್ತ್ರಿ ಇಟ್ಟಿಗೆ ಕಮಾನು ಕಟ್ಟಿಲ್ಲ ಅಂದ್ರೆ ಅವನನ್ನು ಒಂದು ಭಾನುವಾರ ಸಂತೆಬೆನ್ನೂರಿಗೆ ಕರೆದುಕೊಂಡು ಹೋಗಿ. ಪುಷ್ಕರಣಿ ನೋಡೋಕೆ ಎಲ್ಲರೂ ಹೋಗ್ತಾರೆ, ಪಕ್ಕದ ಮುಸಾಫಿರ್ ಖಾನೆ ಕಡೆ ತಿರುಗಿ ನೋಡೋರು ಕಮ್ಮಿ. 17ನೇ ಶತಮಾನದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಕಟ್ಟಿಸಿದ್ದು. ಮುಸಾಫಿರ್ ಖಾನೆ ಅಂದ್ರೆ ಏನು? ಗೆಸ್ಟ್ ಹೌಸೇ! ಅಲ್ಲಿನ ಕಮಾನಿನ ತುದಿ ಚೂಪು, ಸ್ಪಾನಿಷ್ ಕಮಾನು ಗುಂಡಗೆ. ಆದರೆ ಕಂಬ ಎಷ್ಟು ದಪ್ಪ, ತುದಿಯ ಗೋಡೆ ಎಷ್ಟು ದಪ್ಪ ಅನ್ನೋದನ್ನು ಅವನು ಗೇಣು ಹಾಕಿ ಅಳೆಯಲಿ. ಸ್ಪೇನನ್ನೂ ಶತಮಾನಗಳ ಕಾಲ ಅರಬರು ಆಳಿದ್ದರು. ಅಲ್ಲಿನ ಮಣ್ಣಿನ ಇಟ್ಟಿಗೆಯ ಅಡೋಬೆ ಅನ್ನೋ ಹೆಸರೂ ಅರಬ್ಬಿಯಿಂದ ಬಂದದ್ದೇ. ದೂರದ ನೆಂಟಸ್ತಿಕೆ ಅನ್ನಿ.

ಪಾಯದ ಮಾತು ಕೊನೆಗೆ ಇಟ್ಟಿದ್ದೇನೆ, ಆದರೆ ದುಡ್ಡು ಮೊದಲು ಹೋಗಬೇಕಾದ್ದು ಅಲ್ಲಿಗೆ. ದಾವಣಗೆರೆಯ ಎಷ್ಟೋ ಬಡಾವಣೆಗಳ ಅಡಿಯಲ್ಲಿ ಎರೆ ಮಣ್ಣು. ನಿಮ್ಮ ಕಾಂಪೌಂಡ್ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆ ಬಿರುಕು ಇದೆಯಾ ನೋಡಿ, ಇದ್ದರೆ ಅದೇ. ಮಳೆಗೆ ಊದಿಕೊಳ್ಳುತ್ತೆ, ಬೇಸಿಗೆಗೆ ಬಾಯಿ ಬಿಡುತ್ತೆ. ಚಿಕ್ಕ ಮನೆ ತಾನೇ, ಎರಡು ಅಡಿ ಪಾಯ ಸಾಕು ಅಂತ ಎಲ್ಲರೂ ಅಂದುಕೊಳ್ತಾರೆ. ಉಲ್ಟಾ. ಎರೆ ಮಣ್ಣು ದೊಡ್ಡ ಭಾರದ ಮನೆಗಿಂತ ಹಗುರ ಮನೆಯನ್ನೇ ಸುಲಭವಾಗಿ ಎತ್ತಿಬಿಡೋದು. ಗಟ್ಟಿ ನೆಲ ನಾಲ್ಕೈದು ಅಡಿಯಲ್ಲಿ ಸಿಕ್ಕರೆ ಅಲ್ಲಿವರೆಗೂ ತೆಗೆಸಿ, ಎರೆಯನ್ನು ಹೊರಗೆ ಹಾಕಿ ಗ್ರಾವೆಲ್ ತುಂಬಿ ದಮ್ಮಸು ಮಾಡಿಸಿ, ಮೇಲೆ ಪ್ಲಿಂತ್ ಬೀಮ್ ಹಾಕಿಸಿ. ಸಿಗದಿದ್ದರೆ ಎಂಜಿನಿಯರನ್ನು ಕರೆಸಿ ಬುಡ ಅಗಲ ಮಾಡಿದ ಪೈಲ್, ಅಂದ್ರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಹಾಕಿಸಬೇಕಾಗುತ್ತೆ. ಕಟ್ಟಡದ ಸುತ್ತ ಮೂರು ಅಡಿ ಕಲ್ಲು ಹಾಸಿಸಿ, ಪಾಯದ ಬುಡಕ್ಕೆ ನೀರು ಇಳಿಯಬಾರದು. ಬೇವಿನ ಮರದಿಂದಲೂ ದೂರ ಇರಿ. ಬೇಸಿಗೆಯಲ್ಲಿ ಅದು ನೆಲದ ತೇವ ಎಳೆದುಕೊಂಡು ಆ ಕಡೆಯ ಪಾಯವನ್ನು ಕೂರಿಸಿಬಿಡುತ್ತೆ. ಹೊಸ ಗೋಡೆಯನ್ನು ಹಳೇ ಮನೆಗೆ ಜೋಡಿಸಲೇಬೇಡಿ.

ಪಾಯಕ್ಕೂ ಮೊದಲು ಇನ್ನೊಂದು ಕೆಲಸ. ಟ್ಯೂಬಿನಲ್ಲಿ ನೀರು ತುಂಬಿ ಹಿತ್ತಲಿನ ಲೆವೆಲ್ಲನ್ನೂ ರಸ್ತೆಯ ಯುಜಿಡಿ, ಅಂದ್ರೆ ಒಳಚರಂಡಿ, ಚೇಂಬರಿನ ಲೆವೆಲ್ಲನ್ನೂ ನೋಡಿಸಿ. ಬಚ್ಚಲಿನ ಪೈಪಿಗೆ 40 ಅಡಿಗೆ ಒಂದಡಿಯಿಂದ 60 ಅಡಿಗೆ ಒಂದಡಿ ಇಳಿಜಾರು ಬೇಕು. ನಿಮ್ಮ ಹಿತ್ತಲಿನಿಂದ ರಸ್ತೆಗೆ 80 ಅಡಿ ಅಂದರೂ ಒಂದಡಿ ನಾಲ್ಕು ಇಂಚಿನಿಂದ ಎರಡಡಿ ಆಯ್ತು. ಹಳೇ ಬಡಾವಣೆಗಳಲ್ಲಿ ರಸ್ತೆಗೆ ಮೇಲಿಂದ ಮೇಲೆ ಡಾಂಬರು ಹಾಕಿ ಹಾಕಿ, ಹಿತ್ತಲೇ ತಗ್ಗಾಗಿರುತ್ತೆ. ಇದನ್ನು ನೋಡದೆ ಕಮಾನು ಕಟ್ಟಿದವರ ಬಚ್ಚಲಿಗೆ ನಾನು ಹೋಗಿದ್ದೇನೆ. ವಾಸನೆ ಬಗ್ಗೆ ಬರೆಯೋದಿಲ್ಲ.

ಬಿಳಿ ಬಣ್ಣಕ್ಕೆ ಪೇಂಟ್ ಡಬ್ಬಿ ಹುಡುಕಬೇಡಿ, ಸುಣ್ಣ ಸಾಕು. ಅಂಡಲೂಸಿಯಾದಲ್ಲೂ ಅದು ಸುಣ್ಣವೇ. ನೆಲಕ್ಕೆ ಕೆಂಪು ಆಕ್ಸೈಡ್, ಬಚ್ಚಲಿಗೆ ಒರಟು ಕಲ್ಲು. ಕಿಟಕಿಗೆ ನಮ್ಮ ಕಬ್ಬಿಣದ ಸರಳೇ ಇರಲಿ. ಕಾರಂಜಿ ಮಾತ್ರ ಯೋಚನೆ ಮಾಡಿ. ಮಗ ಇರೋದು ಒಂದು ತಿಂಗಳು, ಉಳಿದ ಹನ್ನೊಂದು ತಿಂಗಳು ಆ ತೊಟ್ಟಿಯಲ್ಲಿ ನೀರು ನಿಂತಿರುತ್ತೆ. ಡೆಂಗಿ ಸೊಳ್ಳೆ ಮರಿಯಾಗೋಕೆ ಒಂದು ವಾರ ಸಾಕು. ಅದರ ಬದಲು ಆ ಜಾಗದಲ್ಲಿ ತುಳಸಿ ಕಟ್ಟೆ ಇಡಿ, ನಿಮ್ಮ ಒಗೆಯೋ ಕಲ್ಲನ್ನು ಬೇವಿನ ಕೆಳಗೇ ಬಿಡಿ.

ಹಿತ್ತಲಲ್ಲಿ ತಾನೇ, ಯಾರು ಕೇಳ್ತಾರೆ ಅಂತ ನಕ್ಷೆ ಮಂಜೂರಾತಿ ಇಲ್ಲದೆ ಕಟ್ಟಬೇಡಿ. ಹಳೇ ನಕ್ಷೆ ತಗೊಂಡು ಪಾಲಿಕೆಗೆ ಹೋಗಿ. ಖರ್ಚು ಎಷ್ಟಾಗುತ್ತೆ ಅಂತ ನೀವು ಕೇಳಬಹುದು. ಇಂದಿನ ರೇಟು ಬರೆದರೆ ಈ ಪತ್ರಿಕೆ ಅಚ್ಚಾಗಿ ನಿಮ್ಮ ಕೈಗೆ ಬರುವಷ್ಟರಲ್ಲಿ ಕಬ್ಬಿಣದವರು ಅದನ್ನು ಸುಳ್ಳು ಮಾಡಿರ್ತಾರೆ.

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ತಾತನ ಕಾಲದ ಕರಲು ಮಣ್ಣಿನ ಮಾಳಿಗೆ ಮನೆ ಇದೆ. ಹಿಂಭಾಗದ ಒಂದು ಮೂಲೆ ಕುಸಿದಿದೆ. ಹಿಂದಿನ ಎರಡು ಅಂಕಣ ಕೆಡವಿ ಅಲ್ಲಿ ಸ್ಪಾನಿಷ್ ಮಾದರಿಯ ಗೆಸ್ಟ್ ಹೌಸ್ ಕಟ್ಟುವ ಆಸೆ. ಬೆಂಗಳೂರಿನಿಂದ ಗೆಳೆಯರು ಬಂದರೆ ಉಳಿಯೋಕೆ. ಸಲಹೆ ಕೊಡಿ.
— ಚಿತ್ರದುರ್ಗ ಜಿಲ್ಲೆಯ ಓದುಗ

ಉತ್ತರ: ಸ್ವಾಮಿ, ಕೆಡವಬೇಡಿ. ನಿಮ್ಮ ಹತ್ತಿರ ಇರೋದೇ ಸ್ಪಾನಿಷ್ ಮನೆ!

ತಮಾಷೆಗೆ ಹೇಳ್ತಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ಸೀಮೆಯಲ್ಲಿ ಸಾಂಟಾ ಫೆ ಅಂತ ಊರಿದೆ. ಅಲ್ಲಿ ಸ್ಪೇನಿನವರು 1610ರಲ್ಲಿ ಕಟ್ಟಿಸಿದ ಗವರ್ನರ್ ಅರಮನೆ ಇನ್ನೂ ನಿಂತಿದೆ. ಹೆಂಚಿಲ್ಲ. ದಪ್ಪ ಮಣ್ಣಿನ ಗೋಡೆ, ಅದರ ಮೇಲೆ ಉರುಟು ತೊಲೆ, ತೊಲೆಯ ಮೇಲೆ ಸಣ್ಣ ಕೋಲುಗಳ ಹಾಸು, ಅದರ ಮೇಲೆ ಮಣ್ಣು. ಇದು ಆ ಸೀಮೆಯ ಹಳೇ ಪದ್ಧತಿ. ತೊಲೆಗೆ ವೀಗಾ ಅಂತಾರೆ. ನಮ್ಮ ತೊಲೆ, ಜಂತೆ, ಮಾಳಿಗೆ, ಇನ್ನೇನು? ಮಳೆನೀರು ದೂರ ಬೀಳಲಿ ಅಂತ ಗೋಡೆಯಿಂದ ಮುಂದಕ್ಕೆ ಚಾಚಿದ ಮರದ ದೋಣಿ ಸಹ ಅಲ್ಲೂ ಇದೆ. ಅಲ್ಲಿನ ಜನ ಈಗ ಆ ಮನೆಗಳನ್ನು ತೋರಿಸಿ ಪ್ರವಾಸಿಗರನ್ನು ಕರೆಸುತ್ತಾರೆ. ನಾವು ಜೆಸಿಬಿ ಕರೆಸುತ್ತೇವೆ.

ನಾನು ಹುಟ್ಟಿದ್ದು ಹಿರಿಯೂರು ಕಡೆಯ ಇಂಥದೇ ಮನೆಯಲ್ಲಿ. ಎರಡು ಅಡಿ ದಪ್ಪದ ಗೋಡೆ, ನೆತ್ತಿಯಲ್ಲಿ ಒಂದು ಗವಾಕ್ಷಿ. ಮಧ್ಯಾಹ್ನ ಅದರಿಂದ ಇಳಿದ ಬೆಳಕಿನ ಬಿಲ್ಲೆ ನೆಲದ ಮೇಲೆ ಎಲ್ಲಿದೆ ಅಂತ ನೋಡಿ ಅಜ್ಜಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಜಂತೆಯ ಮೇಲೆ ಬಂದರೆ ಗಿಡದ ಸೊಪ್ಪು ಹರಡಿ, ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಕರಲು. ಮುಂಗಾರಿಗೆ ಮೊದಲು ಪ್ರತಿ ವರ್ಷ ನಾವು ಹುಡುಗರು ಬುಟ್ಟಿಯಲ್ಲಿ ಕರಲು ಹೊತ್ತು ಮೇಲೆ ಹರಡಬೇಕಿತ್ತು. ಅದರಲ್ಲಿನ ಉಪ್ಪಿನ ಗುಣದಿಂದ ನೀರು ಬಿದ್ದ ಕೂಡಲೇ ಮಣ್ಣಿನ ಕಣ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತೆ. ಆ ಮಣ್ಣಿನಲ್ಲಿ ಬೆಳೆ ಬರೋದಿಲ್ಲ, ನೀರೂ ಇಳಿಯೋದಿಲ್ಲ. ಹೊಲಕ್ಕೆ ಶಾಪ, ಮಾಳಿಗೆಗೆ ವರ.

ನಿಮ್ಮ ಮೂಲೆ ಯಾಕೆ ಕುಸಿಯಿತು ಅಂತ ಮೊದಲು ಹುಡುಕಿ. ಹತ್ತರಲ್ಲಿ ಎಂಟು ಸಲ ಆ ಮೂಲೆಯ ದೋಣಿ ಮುರಿದಿರುತ್ತೆ, ಇಲ್ಲವೇ ಬುಡದಲ್ಲಿ ಬಚ್ಚಲ ನೀರು ನಿಂತಿರುತ್ತೆ. ಮಣ್ಣಿನ ಗೋಡೆಗೆ ತಲೆಗೆ ಕೊಡೆ, ಕಾಲಿಗೆ ಚಪ್ಪಲಿ ಇದ್ದರೆ ನೂರು ವರ್ಷ ನಿಲ್ಲುತ್ತೆ. ತೊಲೆಗಳನ್ನು ಉಳಿಯಿಂದ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಹೊಕ್ಕರೆ ಹುಳ ಒಳಗೆ ತಿಂದಿದೆ, ಬದಲಾಯಿಸಿ. ಹೊಸದಾಗಿ ಮಾಳಿಗೆ ಹೊದಿಸುವಾಗ ಜಂತೆಯ ಮೇಲೆ ಹಲಗೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ಮಣ್ಣು ಮತ್ತು ಕರಲು. ಅಜ್ಜಿ ಬೈಯ್ಯುತ್ತಿದ್ದಳೇನೋ, ಆದರೆ ಪ್ರತಿ ವರ್ಷ ಬುಟ್ಟಿ ಹೊರೋ ಹುಡುಗರು ಈಗ ಎಲ್ಲಿ ಸಿಗ್ತಾರೆ?

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾತ್ರ ಬಳಿಯಬೇಡಿ. ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ಲದೆ ಎರಡು ಮೂರು ವರ್ಷಕ್ಕೆ ಹಪ್ಪಳದ ಹಾಗೆ ಎದ್ದು ಬೀಳುತ್ತೆ, ಜೊತೆಗೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಹೋಗುತ್ತೆ. ಮಣ್ಣಿನ ಗಿಲಾವು, ಮೇಲೆ ಸುಣ್ಣ. ಬಚ್ಚಲು, ಶೌಚ ಮಾತ್ರ ಮಣ್ಣಿನ ಗೋಡೆಯೊಳಗೆ ತರಬೇಡಿ. ಹೊರಗೆ ನಾಲ್ಕು ಹೆಜ್ಜೆ ದೂರ, ಸೈಜುಗಲ್ಲಿನಲ್ಲಿ ಬೇರೆ ಕಟ್ಟಿಸಿ. ಬೆಂಗಳೂರಿನ ಗೆಳೆಯರು ನಡೆದುಕೊಂಡು ಹೋಗಲಿ, ನಕ್ಷತ್ರ ಕಾಣುತ್ತೆ.

ಪ್ರಶ್ನೆ: ಇಳಿಜಾರು ಸ್ಲ್ಯಾಬ್ ಹಾಕಿಸಿ ಮೇಲೆ ಹೆಂಚು ಅಂಟಿಸಿದ್ದೇವೆ. ಮೊದಲ ಮಳೆಗೇ ಸೋರಿತು. ಕಂಟ್ರಾಕ್ಟರ್ ಫೋನ್ ತೆಗೀತಿಲ್ಲ. ಜೊತೆಗೆ ಕೋತಿ ಕಾಟ ಬೇರೆ.
— ಹೊಳಲ್ಕೆರೆಯ ಓದುಗ

ಉತ್ತರ: ನಮ್ಮ ಜಾತಿಯವರು ಫೋನ್ ತೆಗೆಯದಿರೋದು ಹೊಸದಲ್ಲ, ಅವರ ಪರವಾಗಿ ಕ್ಷಮೆ ಇರಲಿ. ಸ್ಲ್ಯಾಬಿನ ಮೇಲಿನ ಹೆಂಚು ಬರೀ ಬಟ್ಟೆ. ನೀರು ತಡೆಯಬೇಕಾದ್ದು ಸ್ಲ್ಯಾಬೇ. ಇಳಿಜಾರಿನಲ್ಲಿ ಕಾಂಕ್ರೀಟ್ ಕೆಳಗೆ ಜಾರುತ್ತೆ ಅಂತ ವೈಬ್ರೇಟರ್ ಸರಿಯಾಗಿ ಇಡೋದಿಲ್ಲ, ಒಳಗೆ ಜೇನುಗೂಡಿನ ಥರ ತೂತು ಉಳಿಯುತ್ತೆ. ಹೆಂಚಿನ ಸಂದಿಯಿಂದ ಇಳಿದ ನೀರು ಗಾರೆಯಲ್ಲಿ ಕೂತು ಆ ತೂತು ಹುಡುಕುತ್ತೆ. ನಿಮ್ಮ ಸೂರಿನ ಕೆಳ ಅಂಚನ್ನು ಚೆಂದ ಕಾಣಲಿ ಅಂತ ಗಾರೆಯಿಂದ ಮುಚ್ಚಿದ್ದಾರಾ ನೋಡಿ. ಮುಚ್ಚಿದ್ದರೆ ಎರಡು ಅಡಿಗೊಂದು ತೂತು ಕೊರೆಸಿ, ಕೂತ ನೀರಿಗೆ ಹೊರಗೆ ದಾರಿ ಸಿಗಲಿ. ಅಷ್ಟಕ್ಕೇ ಅರ್ಧ ಸೋರಿಕೆ ನಿಂತದ್ದು ನೋಡಿದ್ದೇನೆ. ನಿಲ್ಲದಿದ್ದರೆ ಸೋರುವ ಪಟ್ಟಿಯ ಹೆಂಚು ತೆಗೆಸಿ, ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ. ಮತ್ತೆ ಹೆಂಚು ಹಾಕುವಾಗ ಗಾರೆಯಲ್ಲಿ ಹೂಳದೆ ರೀಪಿನ ಮೇಲೆ ಕೂರಿಸಿ. ಕೆಳಗೆ ಗಾಳಿ ಆಡಿದರೆ ರೂಮೂ ತಂಪು.

ಕೋತಿಗೆ ಮದ್ದಿಲ್ಲ. ಸೂರಿಗೆ ತಾಗುವ ಸೀಬೆ ಕೊಂಬೆ ಕಡಿಸಿ, ಅಂಚಿನ ಎರಡು ಸಾಲು ಹೆಂಚನ್ನು ತಂತಿಯಿಂದ ಬಿಗಿಸಿ. ಹತ್ತು ಹೆಂಚು ಸದಾ ಸ್ಟಾಕ್ ಇಟ್ಟುಕೊಳ್ಳಿ.

ಪ್ರಶ್ನೆ: ವಾಸ್ತು ಪ್ರಕಾರ ಅತಿಥಿಗಳ ಕೋಣೆ ಯಾವ ಮೂಲೆಗಿರಬೇಕು?
— ಹರಿಹರದ ಓದುಗರು

ಉತ್ತರ: ವಾಯವ್ಯ ಅಂತಾರೆ. ಅಲ್ಲಿ ಗಾಳಿಯ ಮೂಲೆ, ಅತಿಥಿ ಬಹಳ ದಿನ ಕೂರೋದಿಲ್ಲವಂತೆ. ಮೇಲೆ ದಾವಣಗೆರೆಯ ಅಮ್ಮನಿಗೆ ನಾನು ಹೇಳಿದ ಬಚ್ಚಲಿನ ತೋಳು ಹೆಚ್ಚು ಕಡಿಮೆ ಅಲ್ಲಿಗೇ ಬಂದಿದೆ, ಬಿಸಿಲು ಮತ್ತು ಡ್ರೈನೇಜು ನೋಡಿ ಹೇಳಿದ್ದು. ಶಾಸ್ತ್ರಿಗಳೂ ಬೈಯ್ಯಲಾರರು.

ಪ್ರಶ್ನೆ: ಹಿತ್ತಲ ಗೆಸ್ಟ್ ಹೌಸಿಗೆ ಸ್ಪಾನಿಷ್‌ನಲ್ಲೇ ಹೆಸರಿಡಬೇಕು ಅಂತ ಮಗಳ ಹಟ. "ಕಾಸಿತಾ" ಅಂತ ಬೋರ್ಡ್ ಬರೆಸಲು ಹೇಳಿದ್ದಾಳೆ. ಅರ್ಥ ಸರಿಯೇ?
— ಚಿತ್ರದುರ್ಗದ ಓದುಗರು

ಉತ್ತರ: ಸರಿ. ಕಾಸಾ ಅಂದ್ರೆ ಮನೆ, ಕಾಸಿತಾ ಅಂದ್ರೆ ಪುಟ್ಟ ಮನೆ. ಆದರೆ ಬೋರ್ಡು ಕನ್ನಡದಲ್ಲಿ ಬರೆಸಿದರೆ ಬಂದ ನೆಂಟರೆಲ್ಲ "ಕಾಸಿತ್ತಾ?" ಅಂತಲೇ ಓದುತ್ತಾರೆ. ಸದ್ಯ ಬರೆಸಬೇಡಿ. ಕೊನೆಯ ಬಿಲ್ಲು ಕಟ್ಟಿ ಬಂದ ಸಂಜೆ ಮನೆ ಮಂದಿಯೆಲ್ಲ ಪಡಸಾಲೆಯಲ್ಲಿ ಕೂತು ತೀರ್ಮಾನ ಮಾಡಿ, ಆಗ ಆ ಹೆಸರೇ ಸರಿ ಅನ್ನಿಸಬಹುದು.